ಒಂಬತ್ತನೆಯ ಕೋಣೆಯ ವಾಕರ್

"ನಾನು ಅದನ್ನ ಬಲಗಡೆನೇ ಇಟ್ಟಿದ್ದೆ ಅತ್ತೆ. ನೀವಾದ್ರೂ ನಂಬಿ!"

ಕಿರಿಯ ನರ್ಸ್ ಬಾಗಿಲಲ್ಲೇ ನಿಂತು ಬಿಕ್ಕಿದಾಗ, ಹಾಸಿಗೆಯ ಪಕ್ಕದಲ್ಲಿದ್ದ ಸೋದರಸೊಸೆ ಟಿಪ್ಪಣಿ ಪುಸ್ತಕ ತೆರೆದಳು. ದಿಂಬಿಗೆ ಒರಗಿದ್ದ ಅವಳ ಅತ್ತೆ ಕಾಲೇಜಿನ ಪ್ರಯೋಗಾಲಯವನ್ನು ಮೂವತ್ತು ವರ್ಷ ನಡೆಸಿ ನಿವೃತ್ತರಾದವರು. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಹನ್ನೊಂದು ದಿನವಷ್ಟೇ ಆಗಿತ್ತು. ಅಷ್ಟರಲ್ಲೇ ಕಳೆದುಹೋದ ಒಂದು ಹಲ್ಲುಸೆಟ್ಟನ್ನೂ ಅದಲುಬದಲಾದ ಎರಡು ಕನ್ನಡಕಗಳನ್ನೂ ಮಲಗಿದಲ್ಲಿಂದಲೇ ಪತ್ತೆಹಚ್ಚಿ, ಇಡೀ ವಾರ್ಡಿಗೆ 'ಲ್ಯಾಬ್ ಅತ್ತೆ' ಆಗಿದ್ದರು.

"ಅಳು ಆಮೇಲೆ. ಮೊದಲು ನಡೆದದ್ದು ಹೇಳು."

ಒಂಬತ್ತನೆಯ ಕೋಣೆಯ ಬಡಗಿಗೆ ಬಲ ಸೊಂಟದ ಕೀಲು ಬದಲಿಸಿ ಮೂರು ದಿನ. ಅವರು ಬಲಬದಿಗೇ ಇಳಿಯಬೇಕಾದ್ದರಿಂದ ನರ್ಸ್ ನೀರು, ಕರೆಗಂಟೆ, ಹಿಡಿದು ನಡೆಯುವ ನಾಲ್ಕು ಕಾಲಿನ ವಾಕರ್ ಎಲ್ಲವನ್ನೂ ಬಲಕ್ಕೆ ಜೋಡಿಸಿ ಒಂದು ಗಂಟೆಗೆ ಹೊರಬಂದಿದ್ದಳು. ಎರಡು ಗಂಟೆಗೆ, ಊಟ ಮುಗಿಸಿ ಬಂದ ಹೆಂಡತಿಗೆ ಕಂಡದ್ದು ಎಡಬದಿಯ ಕಿಟಕಿಯ ಕೆಳಗೆ ಬಿದ್ದಿದ್ದ ಗಂಡ, ಪಕ್ಕದಲ್ಲೇ ವಾಕರ್. ನರ್ಸ್ ವಾಕರನ್ನು ಕೈಗೆಟುಕದ ಕಡೆ ಇಟ್ಟಿದ್ದರಿಂದ ಅದನ್ನು ತರಲು ಹೋಗಿ ಬಿದ್ದರೆಂದು ಆಕೆ ದೂರು ಕೊಟ್ಟಿದ್ದರು. ಬಡಗಿ ತುಟಿ ಬಿಚ್ಚಿರಲಿಲ್ಲ. ಎಕ್ಸ್‌ರೇಯಲ್ಲಿ ಹೊಸ ಕೀಲು ಭದ್ರವಾಗಿತ್ತು. ಭದ್ರವಿಲ್ಲದ್ದು ಕಿರಿಯಳ ಕೆಲಸ. ಖಾಯಂ ಆಗಲು ವಾರವಷ್ಟೇ ಉಳಿದಿತ್ತು, ಸಂಜೆಯೊಳಗೆ ಮುಖ್ಯ ನರ್ಸ್ ವರದಿ ಬರೆಯಬೇಕಿತ್ತು.

ಸೊಸೆ ಅತ್ತೆಯ ಗಾಲಿಕುರ್ಚಿಯನ್ನು ಒಂಬತ್ತನೆಯ ಕೋಣೆಗೆ ತಳ್ಳಿದಳು. ಬಡಗಿಯನ್ನು ಆಗಲೇ ಮಲಗಿಸಿದ್ದರು. ಅವರ ಚಪ್ಪಲಿ ಮಂಚದ ಬಲಕ್ಕಿತ್ತು. ಅಲ್ಲಿಂದ ಮಂಚದ ಕಾಲ್ದೆಸೆ ಸುತ್ತಿ ಕಿಟಕಿಗೆ ಒಂಬತ್ತು ಹೆಜ್ಜೆ. ಮಂಚ ತಗ್ಗು, ಅದಕ್ಕೆ ಕಂಬಿಯಿಲ್ಲ; ಹಿಡಿದುಕೊಳ್ಳಲು ದಾರಿಯಲ್ಲಿ ಒಂದು ಮೊಳೆಯೂ ಇರಲಿಲ್ಲ. ಊಟದ ತಟ್ಟೆಯ ಜೊತೆ ಎಲ್ಲ ಕೋಣೆಗೂ ಬರುವ ಪಥ್ಯದ ಚೀಟಿ ಇಲ್ಲಿ ಕಾಣಲಿಲ್ಲ. ಅತ್ತೆ ವಾಕರನ್ನು ಒತ್ತಿ ನೋಡಿದರು. ಅದು ಬಂಡೆಯಂತೆ ನಿಂತಿತು.

"ಬೆಳಗ್ಗೆ ಹೀಗೇ ಇತ್ತಾ?"

"ಇಲ್ಲ ಅತ್ತೆ, ಒಂದು ಕಾಲು ಕುಂಟ್ತಿತ್ತು. ಬೇರೆ ಕೊಡಿ ಅಂತ ಸ್ಟೋರಿಗೆ ಬರೆದಿದ್ದೆ. ಇನ್ನೂ ಬಂದಿಲ್ಲ."

"ಎಲ್ಲರನ್ನೂ ಕರಿ," ಎಂದರು ಅತ್ತೆ.

ನಾಲ್ಕು ಗಂಟೆಗೆ ಮುಖ್ಯ ನರ್ಸ್, ಬಡಗಿಯ ಹೆಂಡತಿ, ಕಿರಿಯಳು ಅಲ್ಲೇ ಸೇರಿದರು.

"ವಾಕರ್ ಕಿಟಕಿ ಹತ್ರ ಇದ್ದಿದ್ರೆ ಇವರು ಅಲ್ಲಿಗೆ ಹೋಗಿದ್ದು ಹೇಗೆ?" ಅತ್ತೆ ಕೇಳಿದರು. "ಇಳಿಯೋಕಾಗೋದು ಬಲಕ್ಕೇ. ಮೂರು ದಿನದ ಸೊಂಟ, ಅಲ್ಲಿಂದ ಒಂಬತ್ತು ಹೆಜ್ಜೆ, ಆಧಾರ ಇಲ್ಲ. ಎರಡನೇ ಹೆಜ್ಜೆಗೇ ಬೀಳಬೇಕಿತ್ತು. ಅಂದ್ರೆ ವಾಕರ್ ಬಲಗಡೆನೇ ಇತ್ತು, ಇವರೇ ಹಿಡ್ಕೊಂಡು ನಡೆದ್ರು."

"ಹಾಗಿದ್ರೆ ಬಿದ್ದಿದ್ದು ಯಾಕೆ?" ಮುಖ್ಯ ನರ್ಸ್ ಹುಬ್ಬು ಗಂಟಿಕ್ಕಿದರು.

"ವಾಕರನ್ನ ರಿಪೇರಿ ಮಾಡೋಕೆ ಕೈ ಬಿಟ್ಟಿದ್ರಿಂದ. ಕುಂಟೋ ವಾಕರ್ ಒಂದು ಗಂಟೇಲಿ ನೆಟ್ಟಗಾಗಿದೆ. ಕಿಟಕಿ ಹತ್ರ ಒಳ್ಳೆ ಬೆಳಕಿದೆ, ಒರಗೋಕೆ ಕಟ್ಟೆ ಇದೆ. ಕುಂಟೋ ಕಾಲು ಯಾವುದಮ್ಮಾ? ಅದರ ರಬ್ಬರ್ ಟೋಪಿ ಬಿಚ್ಚು."

ಕಿರಿಯಳು ಬಿಚ್ಚಿದಳು. ಒಳಗೆ ನಾಲ್ಕು ಮಡಿಕೆಯಾಗಿ, ಅಂಚಿಗೆ ಅಂಚು ಕೂಡಿಸಿ ಒತ್ತಿದ ಪಥ್ಯದ ಚೀಟಿ! ಸೊಸೆಯ ಎದೆ ಉಬ್ಬಿತು. ಅದೇ ಚೀಟಿ ಕಾಣೆಯಾದದ್ದನ್ನು ಅವಳೂ ಬರೆದುಕೊಂಡಿದ್ದಳು. ಅರ್ಥವಾದದ್ದು ಮಾತ್ರ ಅತ್ತೆಗೆ.

ಬಡಗಿ ಮುಖ ಮುಚ್ಚಿಕೊಂಡರು. "ನಲವತ್ತು ವರ್ಷ ಮೇಜು ಕುರ್ಚಿ ಮಾಡಿದೋನು ನಾನು. ಕುಂಟೋ ಕಾಲನ್ನ ನೋಡ್ಕೊಂಡು ಮಲಗೋಕಾಗುತ್ತಾ? ನಿಜ ಹೇಳಿದ್ರೆ ಇವಳು ಉಗೀತಾಳೆ ಅಂತ ಬಾಯಿ ಬಿಡ್ಲಿಲ್ಲ."

"ಈಗ ಬಿಡ್ತೀನಿ ಅಂದ್ಕೊಂಡ್ರಾ?" ಎಂದ ಹೆಂಡತಿ ಕಿರಿಯಳ ಕೈ ಹಿಡಿದರು. "ತಪ್ಪಾಯ್ತು ಮಗಳೇ."

"ನನ್ನದೂ ತಪ್ಪೇ," ಬಡಗಿ ತಲೆ ತಗ್ಗಿಸಿದರು. "ನಿನ್ನ ಕೆಲಸ ನೀನು ನೆಟ್ಟಗೇ ಮಾಡಿದ್ದೆ."

ಮುಖ್ಯ ನರ್ಸ್ ಕಿರಿಯಳ ಕಡೆ ತಿರುಗಿ, "ವರದೀಲಿ ಹಾಗೇ ಬರೀತೀನಿ. ಇವರು ಮನೆಗೆ ಹೋಗೋವರೆಗೂ ಈ ಕೋಣೆ ನಿನ್ನ ಜವಾಬ್ದಾರಿ," ಎಂದರು.

ಕಿರಿಯಳು ಕಣ್ಣೊರೆಸಿಕೊಂಡು ಬೆನ್ನು ನೆಟ್ಟಗೆ ಮಾಡಿದಳು. "ಹಾಗಾದ್ರೆ ಮೇಡಂ, ಎಲ್ಲರೂ ಆಚೆ ನಡೀರಿ. ಪೇಷೆಂಟ್ ಮಲಗಬೇಕು. ಅತ್ತೆ, ನೀವೂನೂ. ನಿಮಗೂ ಹೊಲಿಗೆ ಬಿಚ್ಚಿಲ್ಲ."

ಇಡೀ ವಾರ್ಡೇ ಹೆದರುತ್ತಿದ್ದ ಲ್ಯಾಬ್ ಅತ್ತೆಯನ್ನು ಯಾರಾದರೂ ಹೊರಗಟ್ಟಿದ್ದು ಅದೇ ಮೊದಲು. ಸೊಸೆ ಗಾಬರಿಯಿಂದ ಅತ್ತೆಯ ಮುಖ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ, ಮಗಳು ಮೊದಲ ದರ್ಜೆಯಲ್ಲಿ ಪಾಸಾದಾಗ ತಾಯಿಯ ಮುಖದಲ್ಲಿರುವಂಥ ಬೆಳಕಿತ್ತು.

"ನೋಡ್ತಾ ಏನು ನಿಂತೆ?" ಎಂದರು ಅತ್ತೆ. "ಸಿಸ್ಟರ್ ಹೇಳಿದ್ದು ಕೇಳಿಸ್ಲಿಲ್ವಾ? ತಳ್ಳು."