ನೀಲಿಗಟ್ಟಿದ ಅಲಗು

ಜೆಲಿ ಬುಟ್ಟಿಯನ್ನು ಇಡಲಿಲ್ಲ, ಕುಕ್ಕಿದಳು. ಒಳಗಿದ್ದ ನಲವತ್ತು ಚಾಕುಗಳು ಝಲ್ಲೆಂದವು.

"ಇದೇನಾ ಸಾಣೆ ಹಿಡಿಯೋ ರೀತಿ? ಎಲ್ಲಾ ನೀಲಿಗಟ್ಟಿವೆ! ಬ್ರೆಡ್ ಕುಯ್ದರೆ ಬಾಗ್ತವೆ ಅಂತ ವ್ಯಾಪಾರಿ ವಾಪಸ್ ಕಳಿಸಿದಾನೆ. ಅಲಗು ಸುಟ್ಟುಹಾಕಿದೀರಾ ನೀವು."

ಆನ್ಸೆಲ್ಮ್ ತಿರುಗಿ ನೋಡಲಿಲ್ಲ. ನೋಡುವಂತೆಯೂ ಇರಲಿಲ್ಲ. ಪ್ಯೂರೋಲ್ ಊರಿನ ಸಾಣೆಯವರು ಹಲಗೆಯ ಮೇಲೆ ಬೋರಲು ಮಲಗಿಯೇ ಕೆಲಸ ಮಾಡುವವರು. ಮುಖದ ಕೆಳಗೆ ತಿರುಗುವ ಕಲ್ಲು, ಕಲ್ಲಿನ ಕೆಳಗೆ ಹೊಳೆಯ ನೀರು. ಚಳಿಗೆ ಕಾಲು ಮರಗಟ್ಟದಿರಲೆಂದು ಒಬ್ಬೊಬ್ಬರ ಕಾಲ ಮೇಲೂ ಒಂದೊಂದು ನಾಯಿ. ಅವನ ಕಾಲ ಮೇಲಿದ್ದ ದಪ್ಪ ಹೆಣ್ಣುನಾಯಿಯ ಹೆಸರು ಬ್ರಿಯೋಷ್. ಅದು ತಲೆಯೆತ್ತಿ ಜೆಲಿಯನ್ನು ನೋಡಿ ಗುರ್ರೆಂದಿತು.

"ಬಂದಿರೋದು ಯಾರು ಅಂತ ನಾಯಿಗೂ ಗೊತ್ತಾಗಿದೆ," ಎಂದ ಅವನು, ಕಲ್ಲಿಗೆ ಹೇಳುವವನಂತೆ.

"ಮಾತಿಗೇನೂ ಕಡಿಮೆ ಇಲ್ಲ. ಕೆಲಸ ಮಾತ್ರ ಹೀಗೆ."

ಅಕ್ಕಪಕ್ಕದ ಹಲಗೆಗಳಲ್ಲಿ ಮಲಗಿದ್ದವರು ನಕ್ಕರು. ಒಬ್ಬ ಕೂಗಿದ, "ಆನ್ಸೆಲ್ಮ್, ಮೇಲಿನ ಬೀದಿಯವರು ಕೆಳಗಿಳಿದು ಬಂದಿದಾರೆ. ಕುರ್ಚಿ ಹಾಕೋ!"

ಆನ್ಸೆಲ್ಮ್ ಕೈಯನ್ನು ಹಿಂದಕ್ಕೆ ಚಾಚಿ ಬುಟ್ಟಿಯಿಂದ ಒಂದು ಚಾಕು ತೆಗೆದ. ಕಣ್ಣಿನ ಹತ್ತಿರ ಹಿಡಿದು, ಹಿಡಿ ಸೇರುವ ಜಾಗವನ್ನು ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ವಾಪಸ್ ಇಟ್ಟ.

"ಏನಾದರೂ ಹೇಳ್ತೀರೋ ಇಲ್ವೋ?"

"ಹಿಡಿ ಚೆನ್ನಾಗಿ ಕೂತಿದೆ," ಎಂದ. ಮತ್ತೆ ಕಲ್ಲು ಕಿರುಗುಟ್ಟಿತು.

ಅಷ್ಟೇ. ಜೆಲಿಗೆ ಮೈಯೆಲ್ಲ ಉರಿಯಿತು. ನಾಲ್ಕು ವರ್ಷದಿಂದ ಇದೇ ಬೆನ್ನಿನ ಜೊತೆ ಜಗಳ. ಮುಖವನ್ನು ಅವಳು ಸರಿಯಾಗಿ ನೋಡಿಯೇ ಇಲ್ಲ. ಮೇಲಿನವರಿಗೆ ಮೇಲೊಂದು ಚರ್ಚು, ಕೆಳಗಿನವರಿಗೆ ಕೆಳಗೊಂದು. ಹಿಡಿ ಕೂರಿಸುವ ಮೇಲಿನವರು ಕೆಳಗಿನ ಸಾಣೆಯವರನ್ನು ಹಳದಿ ಹೊಟ್ಟೆಯವರು ಅನ್ನುತ್ತಾರೆ, ಕಲ್ಲಿನ ಕೆಸರು ಅಂಗಿಗೆ ಹತ್ತುತ್ತದಲ್ಲ, ಅದಕ್ಕೆ. ಅವರು ಇವರನ್ನು ಏನನ್ನುತ್ತಾರೆ ಎಂಬುದನ್ನು ಬರೆಯುವಂತಿಲ್ಲ.

ಇನ್ನೂರು ಮೆಟ್ಟಿಲು ಹತ್ತುವಷ್ಟರಲ್ಲಿ ಅವಳ ಸಿಟ್ಟು ಮಾತಾಗಿತ್ತು. ನಲ್ಲಿಕಟ್ಟೆಯಲ್ಲಿ ನೀರು ಹಿಡಿಯುತ್ತಿದ್ದ ಹೆಂಗಸರ ಮುಂದೆ ಹೇಳಿಯೇಬಿಟ್ಟಳು: "ಆನ್ಸೆಲ್ಮ್ ಅಲಗು ಸುಡ್ತಾನೆ. ಕೊಡೋರು ಯೋಚನೆ ಮಾಡಿ ಕೊಡಿ."

ಪ್ಯೂರೋಲಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಕುಡುಕ ಅಂದರೆ ನಗುತ್ತಾರೆ, ಕಳ್ಳ ಅಂದರೆ ಹೊಡೆಯುತ್ತಾರೆ. ಅಲಗು ಸುಡುವವನು ಅಂದರೆ ಕೆಲಸ ಕೊಡುವುದಿಲ್ಲ. ಎರಡು ವಾರದಲ್ಲಿ ಮೇಲಿನ ಬೀದಿಯ ಒಂದು ಮನೆಯಿಂದಲೂ ಅವನಿಗೆ ಅಲಗು ಹೋಗಲಿಲ್ಲ.

ಸಂತ ಎಲ್ವಾ ಹಬ್ಬಕ್ಕೆ ನಾಲ್ಕು ದಿನ ಉಳಿದಿತ್ತು. ಬೆಳಗ್ಗೆ ಜೆಲಿ ವಾಪಸ್ ಬಂದ ಚಾಕುಗಳ ಹಿಡಿ ಬಿಚ್ಚುತ್ತಿದ್ದಳು. ಕೊಂಬಿನ ಹಿಡಿಯಾದರೂ ಉಳಿಯಲಿ ಎಂದು. ಮೊದಲನೆಯದನ್ನು ಎಳೆದವಳು ಕಿಟಕಿಯ ಬೆಳಕಿಗೆ ಹಿಡಿದು ಹಾಗೇ ನಿಂತಳು.

ನೀಲಿ ತುದಿಯಲ್ಲಿರಲಿಲ್ಲ. ಬುಡದಲ್ಲಿತ್ತು. ಹಿಡಿಯೊಳಗೆ ಹೂತಿದ್ದ ಬಾಲದಿಂದ ಹೊರಟು, ಅಂಚಿನ ಕಡೆಗೆ ಬರುತ್ತಾ ಮಾಸಿತ್ತು. ಕಲ್ಲು ಸುಟ್ಟರೆ ಹೀಗಾಗುವುದಿಲ್ಲ. ಹಿಡಿ ಕೂರಿಸಲು ಬಾಲವನ್ನು ಕಾಯಿಸುತ್ತಾರಲ್ಲ, ಆ ಬೆಂಕಿ ಮಾಡುವ ಕೆಲಸ ಇದು. ಬುಡಕ್ಕೆ ಒಣಹುಲ್ಲಿನ ಹಳದಿ ಬಂದ ಕೂಡಲೇ ಅಲಗನ್ನು ಹೊರಗೆ ತೆಗೆಯಬೇಕು. ಎರಡು ಉಸಿರು ತಡವಾದರೆ ನೀಲಿ.

ಎರಡನೆಯದು, ಮೂರನೆಯದು. ಎಲ್ಲವೂ ಹಾಗೇ.

ಅವಳು ಮೆಲ್ಲಗೆ ತಿರುಗಿದಳು. ಒಲೆಯ ಮುಂದೆ ಯೂಫ್ರಾಸಿ ಅತ್ತೆ ಇಕ್ಕಳ ಹಿಡಿದು ಕೂತಿದ್ದಳು. ಅಪ್ಪ ಹೋದ ಮೇಲೆ ಜೆಲಿಯನ್ನು ಬೆಳೆಸಿದ ಸೋದರತ್ತೆ. ಐವತ್ತು ವರ್ಷದಿಂದ ಈ ಮನೆಯ ಬೆಂಕಿ ನೋಡಿಕೊಂಡವಳು. ಮುಖವನ್ನು ಬೆಂಕಿಗೆ ಅಷ್ಟು ಹತ್ತಿರ ಒಡ್ಡಿದ್ದಳು, ಹುಬ್ಬಿನ ಕೂದಲು ಸುಟ್ಟು ಸುರುಟಿದ್ದವು.

"ಅತ್ತೆ, ಈ ಅಲಗಿನ ಬಣ್ಣ ಯಾವುದು?"

"ಇನ್ಯಾವುದು? ಬಣ್ಣದ ಬಣ್ಣ." ಅತ್ತೆಯ ದನಿ ಚೂಪಾಯಿತು. "ನನಗೆ ಪರೀಕ್ಷೆ ಇಡ್ತೀಯೇನೇ?"

ಜೆಲಿ ಅಲಗನ್ನು ಅವಳ ಕಣ್ಣ ಮುಂದೆಯೇ ಹಿಡಿದಳು. ಕೊನೆಗೆ ಅತ್ತೆಯೇ ಹೇಳಿದಳು, ಬೆಂಕಿಯ ಕಡೆಗೇ ಮುಖ ಮಾಡಿ: "ಬೇಸಿಗೆಯಿಂದ ಕಣ್ಣು ಹೀಗಾಗಿದೆ. ಯಾರಿಗೂ ಹೇಳಬೇಡ. ಆಡಿದ ಮಾತು ವಾಪಸ್ ತಗೊಂಡೋರು ಈ ಊರಲ್ಲಿ ಒಬ್ಬರೂ ಇಲ್ಲ. ವ್ಯಾಪಾರಿಗಳು ನಮ್ಮ ಮನೆಗೂ ಅಲಗು ಕೊಡೋದು ನಿಲ್ಲಿಸ್ತಾರೆ. ಅವನು ಗಂಡಸು, ಎಲ್ಲಾದರೂ ಬದುಕ್ಕೋತಾನೆ."

ಜೆಲಿ ಅತ್ತೆಯ ಹುಬ್ಬಿಗೆ ಬೆಣ್ಣೆ ಸವರಿದಳು.

ಹಬ್ಬದ ಮರುದಿನ ಬೆಳಗ್ಗೆ ಹೊಳೆಯ ಬದಿಯ ಸಾಣೆಮನೆಯಲ್ಲಿ ವರ್ಷದ ಹಲಗೆ ಹಂಚುತ್ತಾರೆ. ಯಾರು ಯಾವ ಸಾಣೆಯವನಿಗೆ ಕೆಲಸ ಕೊಡುತ್ತಾರೋ ಅವನ ಹಲಗೆಯ ಮೇಲೆ ಒಂದು ಒರಟು ಅಲಗು ಕಳಿಸುವುದು ರೂಢಿ. ಒಂದೂ ಅಲಗು ಬಾರದ ಹಲಗೆ ಬೇರೆಯವನಿಗೆ.

ಜೆಲಿ ಕೈಯಲ್ಲೊಂದು ಒರಟು ಅಲಗು ಹಿಡಿದು ಬಾಗಿಲಲ್ಲಿ ನಿಂತಾಗ ಕಲ್ಲುಗಳೆಲ್ಲ ತಿರುಗುತ್ತಿದ್ದವು. ಆನ್ಸೆಲ್ಮನ ಹಲಗೆ ಬರಿದಾಗಿತ್ತು, ಅವನನ್ನೂ ಬ್ರಿಯೋಷನ್ನೂ ಬಿಟ್ಟರೆ. ಹಳೆಯ ಕೆಲಸದ ಕೊನೆಯ ಅಲಗನ್ನು ಮುಗಿಸುತ್ತಿದ್ದ.

ಮೇಸ್ತ್ರಿ ಬರ್ತೋ ಅಜ್ಜ ಹುಬ್ಬೇರಿಸಿದ. "ಅಲಗು ಕಳಿಸ್ತಾರೆ ತಾಯಿ, ಹೊತ್ಕೊಂಡು ಬರಲ್ಲ."

"ನಾನು ಬಂದಿದೀನಿ." ಅವಳು ಅಲಗನ್ನು ಆನ್ಸೆಲ್ಮನ ಪಕ್ಕದಲ್ಲಿಟ್ಟಳು. "ನೀಲಿ ಕಟ್ಟಿದ್ದು ನಮ್ಮನೆ ಬೆಂಕಿಯಿಂದ. ಕಾಯಿಸಿದ್ದು ನಾನು. ಇವರು ಸುಟ್ಟಿಲ್ಲ."

"ಕೇಳಿಸ್ಲಿಲ್ಲ," ಎಂದ ಆನ್ಸೆಲ್ಮ್, ಕಲ್ಲಿನ ಕಡೆಗೇ. "ನೀರಿನ ಸದ್ದು ಜಾಸ್ತಿ. ನಲ್ಲಿಕಟ್ಟೆಯಲ್ಲಿ ಇನ್ನೂ ಜೋರಾಗಿ ಹೇಳಿದ್ರಂತೆ."

ಜೆಲಿಯ ಕಿವಿ ಕೆಂಪಾದವು. "ಸುಟ್ಟಿದ್ದು ನಾನು!" ಎಂದು ಕಿರುಚಿದಳು. "ಈಗ ಅಲ್ಲಿಗೂ ಹೋಗಿ ಹೇಳ್ತೀನಿ. ಸಾಕಾ? ಇನ್ನೂ ಬೇಕಾ?"

ಕಲ್ಲುಗಳು ಒಂದೊಂದಾಗಿ ನಿಂತವು. ಪ್ಯೂರೋಲಿನಲ್ಲಿ ಇಂಥ ಮಾತನ್ನು ಯಾರೂ ಕೇಳಿರಲಿಲ್ಲ.

ಆನ್ಸೆಲ್ಮ್ ಎದ್ದ. ಬ್ರಿಯೋಷ್ ದೊಪ್ಪನೆ ಕೆಳಗೆ ಬಿದ್ದು ಗೊಣಗಿತು. ಅವನು ಎದುರು ನಿಂತಾಗ ಜೆಲಿಗೆ ಆಶ್ಚರ್ಯ. ಮುಖವೆಲ್ಲ ಹಳದಿ ಕೆಸರು, ನಡುವೆ ಎರಡು ಬೂದು ಕಣ್ಣು. ಆ ಕಣ್ಣು ಅವಳ ಕಣ್ಣಿಗಿಂತ ಎರಡು ಬೆರಳು ಕೆಳಗಿದ್ದವು.

"ಇಷ್ಟೇನಾ ಎತ್ತರ?" ಬಾಯಿ ತಪ್ಪಿ ಬಂತು.

"ಮಲಗಿದಾಗ ಉದ್ದ ಕಾಣ್ತೀನಿ." ಅವನು ನಗಲಿಲ್ಲ. ದನಿ ತಗ್ಗಿಸಿದ. "ಕಾಯಿಸಿದ್ದು ನೀವಲ್ಲ. ಅತ್ತೆ."

"ನಿಮಗೆ..."

"ಅವತ್ತೇ ಗೊತ್ತಾಯ್ತು, ಚಾಕು ನೋಡಿದಾಗ."

"ಮತ್ತೆ ಹೇಳೋಕೇನಾಗಿತ್ತು? ಹಲಗೆ ಹೋಗ್ತಿತ್ತಲ್ಲ ನಿಮ್ಮದು!"

"ಮುದುಕಿಗೆ ಕಣ್ಣು ಹೋಗಿದೆ ಅಂತ ಬೀದಿಗೆಲ್ಲ ಸಾರಲಾ? ನನ್ನ ನಾಲಿಗೆ ನಲ್ಲಿಕಟ್ಟೆಯದಲ್ಲ." ಮಾತು ಚುರುಕೆಂದಿತು. ಆಮೇಲೆ ಅವನು ನೆಲ ನೋಡಿದ, ಅವಳ ಮರದ ಜೋಡುಗಳನ್ನು. "ಎಡಗಾಲಿನದು ಮೊಳೆ ಸಡಿಲ. ಮೊದಲಿಂದಲೂ."

"ನಿಮಗ್ಯಾಕೆ ಅದು?"

"ಹಲಗೆ ಮೇಲಿಂದ ನನಗೆ ಕಾಣೋದು ಕಾಲಷ್ಟೇ. ನಾಲ್ಕು ವರ್ಷದಿಂದ ನೋಡ್ತಿದೀನಿ. ಮೆಟ್ಟಿಲ ಮೇಲೆ ಟಕ್ ಅಂದರೆ ಸಾಕು, ಇವತ್ತು ಬೈಗುಳ ಇದೆ ಅಂತ..." ಅವನು ನಿಲ್ಲಿಸಿದ. ಕೆಸರಿನಡಿಯಲ್ಲೂ ಕೆನ್ನೆ ಕೆಂಪೇರಿದ್ದು ಕಂಡಿತು. "ಅಂತ ಖುಷಿಯಾಗ್ತಿತ್ತು. ಹೇಳಿದ್ದಾಯ್ತು. ಈಗ ನಗಿ."

ಜೆಲಿ ನಗಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ ಬೈಗುಳ ಸಿಗಲಿಲ್ಲ. ಸುಮ್ಮನೆ ಎಡಗಾಲಿನ ಜೋಡು ಕಳಚಿ ಅವನ ಕೈಗೆ ಕೊಟ್ಟಳು. ಅವನು ಹಲಗೆಯ ತುದಿಯ ಮೇಲಿಟ್ಟು ಸುತ್ತಿಗೆಯಿಂದ ಎರಡೇ ಪೆಟ್ಟು ಹೊಡೆದ. ಬರಿಗಾಲು ಕಲ್ಲುನೆಲದ ಚಳಿಗೆ ನಡುಗುವುದನ್ನು ಕಂಡ ಬ್ರಿಯೋಷ್ ಉಸ್ಸೆಂದು ಬಂದು ಅದರ ಮೇಲೆ ಮಲಗಿತು.

ನಲ್ಲಿಕಟ್ಟೆಯಲ್ಲಿ ಮಾತು ವಾಪಸ್ ತೆಗೆದುಕೊಂಡು ಇಬ್ಬರೂ ಮನೆಯ ಬಾಗಿಲಿಗೆ ಬಂದಾಗ ಅತ್ತೆ ಕಿವಿ ನಿಮಿರಿಸಿದಳು. "ಜೆಲಿ, ನಿನ್ನ ಕಾಲಿನ ಟಕ್ ಎಲ್ಲಿ ಹೋಯ್ತೇ? ಜೊತೆಗಿರೋದು ಯಾರು? ಹಳದಿ ಹೊಟ್ಟೆಯವನು ನನ್ನ ಮನೆಗಾ?"

"ಒರೆಸ್ಕೊಂಡು ಬಂದಿದೀನಿ ಅತ್ತೆ."

"ಯಾರೋ ನಿನಗೆ ಅತ್ತೆ?"

"ಇನ್ನೂ ಗೊತ್ತಿಲ್ಲ," ಎಂದು ಅವನು ಒಲೆಯ ಪಕ್ಕ ಕೂತ. ಅತ್ತೆ ಮುಖ ಗಂಟಿಕ್ಕಿ, ಒಂದು ಅಲಗನ್ನು ಇಕ್ಕಳದಲ್ಲಿ ಹಿಡಿದು ಕೆಂಡಕ್ಕೆ ಒಡ್ಡಿದಳು. ಬುಡ ಬೆಳ್ಳಗಿತ್ತು, ಮಾಸಿತು, ಒಣಹುಲ್ಲಿನ ಬಣ್ಣಕ್ಕೆ ತಿರುಗಿತು.

"ಈಗ," ಎಂದ ಆನ್ಸೆಲ್ಮ್, ಉಸಿರಿನಲ್ಲೇ.

"ಗೊತ್ತು ಕಣೋ!" ಎಂದು ಅತ್ತೆ ಗದರಿದಳು, ಆದರೆ ಆ ಕ್ಷಣಕ್ಕೇ ಎಳೆದಳು.

ಜೆಲಿ ಅಲಗನ್ನು ಕಿಟಕಿಗೆ ಹಿಡಿದಳು. ಬುಡದಲ್ಲಿ ಹದವಾದ ಹಳದಿ. ಅಲಗಿನಾಚೆ ಅವನ ಬೂದು ಕಣ್ಣುಗಳು ಅವಳ ಮುಖವನ್ನು ನೋಡುತ್ತಿದ್ದವು, ಬೋರಲು ಮಲಗಿ ಕಳೆದ ನಾಲ್ಕು ವರ್ಷಗಳ ಬಾಕಿಯನ್ನೆಲ್ಲ ಒಮ್ಮೆಲೇ ನೋಡಿ ಮುಗಿಸುವವನ ಹಾಗೆ.

"ನಾಳೆನೂ ಬರಬೇಕು," ಎಂದಳು ಅವಳು, ಗಟ್ಟಿಯಾಗಿ, ಬೈಯುವ ದನಿಯಲ್ಲೇ. "ಬೆಂಕಿ ದಿನಾ ಇರುತ್ತೆ."