ಏರಿನಲ್ಲಿ ನಿಂತ ಗಾಡಿ

ಫ್ರೀಟೌನಿಗೆ ಹೋಗುವ ಲೈನಿನಲ್ಲಿ, ಬೋ ಪಟ್ಟಣದ ಆಚೆಯ ಏರಿನಲ್ಲಿ ಗೂಡ್ಸ್ ಗಾಡಿ ನಿಂತಿತ್ತು. ಕೊನೆಯ ವ್ಯಾಗನ್ನಿನ ಬೀಗ ಒಡೆದಿತ್ತು. ಒಳಗಿದ್ದ, ಅಡಿಕೆಯಂತೆ ಜಗಿಯುವ ಕೋಲಾ ಕಾಯಿಯ ಚೀಲಗಳು ಮಾಯ. ಇಂಜಿನ್ನಿನ ಮುಂದೆ, ಹಳಿಗಳ ಮೇಲೆ, ಕೆಂಪಗೆ ತಾಳೆ ಎಣ್ಣೆ ಬಳಿದಿದ್ದರು. ಪಕ್ಕದಲ್ಲಿ ಖಾಲಿ ಡಬ್ಬ.

ರೈಲ್ವೆ ಪೊಲೀಸ್ ಸಾರ್ಜೆಂಟ್ ಕ್ಪೊಸೊವಾ ಟ್ರಾಲಿಯಿಂದ ಇಳಿದ. ಮಂಡಿ ಲಟಕ್ ಎಂದಿತು. ಈ ನೌಕರಿ ಅವನಿಗೆ ಸಾಕುಸಾಕಾಗಿತ್ತು. ಕಳ್ಳತನ ಎಲ್ಲೇ ಆಗಲಿ, ಬಿಳಿ ಸಾಹೇಬನಿಗೆ ಸಂಜೆಯೊಳಗೆ ಒಬ್ಬ ಕಳ್ಳ ಬೇಕು. ಯಾರಾದರೂ ಆದೀತು.

ಆಗಲೇ ಒಬ್ಬಳನ್ನು ಹಿಡಿದಿಟ್ಟಿದ್ದರು. ಹಳಿ ಪಕ್ಕದಲ್ಲಿ ತಾಳೆ ಎಣ್ಣೆ ತೆಗೆದು ಮಾರುವ ಯೇಮಾ. ಕೈಗೆ ಹಗ್ಗ, ಬೆನ್ನಿಗೆ ಹಸುಗೂಸು.

"ಡಬ್ಬ ನಂದೇ ಅಣ್ಣಾ. ಹೋದ ವಾರ ಈ ಡ್ರೈವರ್ರೇ ಎಣ್ಣೆ ತಗೊಂಡು ಹೋಗಿದ್ರು. ಕೂಸನ್ನ ಕಟ್ಕೊಂಡು ಜೈಲಿಗೆ ಹೋಗ್ಲಾ?"

"ಹೇಳ್ತಾಳೆ ಹೇಳ್ತಾಳೆ," ಎಂದರು ಡ್ರೈವರ್ ಮ್ಯಾಕ್‌ಫಾಯ್. "ಆವಿ ಕಮ್ಮಿಯಾಗಿ ನಿಂತ್ವಿ ಸಾರ್ಜೆಂಟ್ರೇ. ಗಾರ್ಡನ್ನೂ ಬೆಂಕಿ ಹಾಕೋನನ್ನೂ ಸಹಾಯ ಕೇಳೋಕೆ ಸ್ಟೇಷನ್ನಿಗೆ ಕಳಿಸ್ದೆ. ಆವಿ ಏರಿದ್ಮೇಲೆ ಒಬ್ನೇ ಹೊರಟೆ. ಎಣ್ಣೆ ಮೇಲೆ ಚಕ್ರ ಗಿರಗಿರ ತಿರುಗ್ತು, ಹತ್ತಲಿಲ್ಲ. ಹಿಂದಕ್ಕೆ ಜಾರ್ತು. ನಾನಿಲ್ಲಿ ಒದ್ದಾಡೋವಾಗ ಇವಳ ಕಡೆಯೋರು ಹಿಂದುಗಡೆ ಕೈಚಳಕ ತೋರ್ಸಿದ್ರು."

ಮಾತಾಡುತ್ತಲೇ ಇಂಜಿನ್ನಿನ ಹಿತ್ತಾಳೆ ಒರೆಸುತ್ತಿದ್ದರು. ಈ ಲೈನಿನಲ್ಲಿ ಒಬ್ಬ ಡ್ರೈವರಿಗೆ ಒಂದೇ ಇಂಜಿನ್, ಬೇರೆಯವರು ಮುಟ್ಟುವಂತಿಲ್ಲ. ಮ್ಯಾಕ್‌ಫಾಯ್ ತಮ್ಮದನ್ನು ಮಗಳಂತೆ ಸಾಕಿದ್ದರು.

*

ಯೇಮಾಳ ಗುಡಿಸಲು ಜಾಲಾಡಿದ್ದಾಯಿತು. ಎಣ್ಣೆ ಗಡಿಗೆ ಬಿಟ್ಟರೆ ಏನೂ ಇಲ್ಲ. ಸುತ್ತಲಿನ ಪೊದೆಯಲ್ಲಿ ಹೆಜ್ಜೆ ಗುರುತೂ ಇಲ್ಲ. ಕ್ಪೊಸೊವಾ ವಾಪಸ್ ಬಂದು ಹಳಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ತುಂಬ ಹೊತ್ತು ಏಳಲಿಲ್ಲ.

"ಯಜಮಾನ್ರೇ, ಚಕ್ರ ನಿಂತಲ್ಲೇ ತಿರುಗ್ತು ಅಂದ್ರಲ್ಲ?"

"ಹೂಂ."

"ಹಂಗೆ ತಿರುಗಿದ್ರೆ ಹಳಿ ಸುಟ್ಟು ಗುರುತು ಬೀಳುತ್ತೆ. ಇಲ್ಲಿ ಎಣ್ಣೆ ಬಳಿದದ್ದು ಬಳಿದ ಹಾಗೇ ಇದೆ. ನಿಮ್ಮ ಚಕ್ರದಲ್ಲೂ ಒಂದ್ತೊಟ್ಟು ಕೆಂಪಿಲ್ಲ."

"ಒರೆಸ್ದೆ."

"ಚಕ್ರ ಒರೆಸ್ಬೋದು. ಸುಟ್ಟ ಹಳೀನ ಒರೆಸೋಕಾಗುತ್ತಾ?"

ಮ್ಯಾಕ್‌ಫಾಯ್ ಅವರ ಕೈಯಲ್ಲಿದ್ದ ಬಟ್ಟೆ ನಿಂತಿತು.

ಕ್ಪೊಸೊವಾ ನರಳುತ್ತ ಇಂಜಿನ್ನಿನ ಹಿಂದಿನ ಕಲ್ಲಿದ್ದಲು ತೊಟ್ಟಿ ಹತ್ತಿದ. ಇದ್ದಲು ಸರಿಸಿದರೆ ಕೋಲಾ ಚೀಲಗಳು.

"ಬೇಕಂತಲೇ ಗಾಡಿ ನಿಲ್ಲಿಸಿದ್ರಿ. ಇಬ್ರನ್ನೂ ಸಾಗಹಾಕಿ ಚೀಲ ಇಲ್ಲಿ ತುಂಬಿದ್ರಿ, ಫ್ರೀಟೌನಲ್ಲಿ ಮಾರೋಕೆ. ಆಮೇಲೆ ಇವಳ ಎಣ್ಣೆ ಬಳಿದ್ರಿ. ಅದರ ಮೇಲೆ ಒಂದ್ಸಲ ಚಕ್ರ ತಿರುಗಿಸಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ. ಯಾಕೆ ತಿರುಗಿಸ್ಲಿಲ್ಲ?"

"ಚಕ್ರ ಸವೆದುಹೋಗುತ್ತೆ," ಎಂದರು ಮ್ಯಾಕ್‌ಫಾಯ್ ಮೆಲ್ಲಗೆ.

"ಇವಳ ಬಾಳು ಹಾಳಾಗುತ್ತೆ ಅನ್ನಿಸ್ಲಿಲ್ವಾ?"

ಕ್ಪೊಸೊವಾನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಆಯಾಸ. ಯೇಮಾಳ ಹಗ್ಗ ಬಿಚ್ಚಿದ. ಅವಳು ಅಲ್ಲೇ ಕುಸಿದು ಕೂತು, ಅಳುತ್ತಲೇ ಕೂಸಿಗೆ ಹಾಲೂಡಿಸತೊಡಗಿದಳು.

ಮ್ಯಾಕ್‌ಫಾಯ್ ಅತ್ತ ನೋಡಲೂ ಇಲ್ಲ.

"ನಾಳೆಯಿಂದ ಈ ಇಂಜಿನ್ನ ಯಾರಿಗೆ ಕೊಡ್ತಾರೆ ಸಾರ್ಜೆಂಟ್ರೇ?" ಎಂದು ಕೇಳಿದರು.