ಸಾಕ್ಷಿಗೆ ಬಿದ್ದ ಬೀಗ

“ಬರಕೊಡೋದು ಬರಕೊಡಿ ಸಾಮಿ, ಸಾಕ್ಷಿ ಮಾತ್ರ ನೀವಾಕ್‌ಬ್ಯಾಡಿ. ಮಾರಣ್ಣ ಮಂತ್ರವಾದಿ ಕೈಲಿ ಬಾಯಿ ಕಟ್ಟಿಸ್ಬುಡ್ತಾನೆ.”

ಇಷ್ಟು ಹೇಳಿ ಮೂಡಲಗಿರಿಯಪ್ಪ ಕಂಬಳಿಯನ್ನು ಎದೆಗೆ ಒತ್ತಿಕೊಂಡ. ವಕೀಲ ನಂದೀಶ್ವರಯ್ಯ ಮೇಜು ತಟ್ಟಿ ನಕ್ಕ. ತುಮಕೂರಿನಿಂದ ಬಂದು ಮಧುಗಿರಿ ಕೋರ್ಟಿನೆದುರು ಬೋರ್ಡು ತೂಗುಹಾಕಿ ಇನ್ನೂ ಒಂದು ಬೇಸಿಗೆ ಕಳೆದಿರಲಿಲ್ಲ. ಕೈಯಲ್ಲಿ ಕೇಸಿಲ್ಲ, ಆದರೆ ಕಂಠ ಮಾತ್ರ ಅಬ್ಬಬ್ಬಾ! ಅವನು ವಾದಕ್ಕೆ ನಿಂತರೆ ಬಸ್‌ಸ್ಟ್ಯಾಂಡಿನಲ್ಲಿ ಕೂತವರಿಗೂ ಕೇಳುತ್ತಿತ್ತು.

“ಚಂದ್ರನ ಮೇಲೆ ಮನುಷ್ಯ ಓಡಾಡಿ ಹತ್ತು ವರ್ಷವಾಯ್ತು ಯಜಮಾನ್ರೇ, ನೀವಿನ್ನೂ ಬಾಯಿ ಕಟ್ಟೋದರಲ್ಲೇ ಇದ್ದೀರಿ!”

ವೈ.ಎನ್.ಹೊಸಕೋಟೆ ಕಡೆಯ ಈ ಮುದುಕ, ಕುರಿ ಮಾರಿ ಕೊಂಡಿದ್ದ ಕಡಲೆಕಾಯಿ ಹೊಲವನ್ನು ಸಾಕುಮಗಳು ಹೊನ್ನಕ್ಕನಿಗೆ ಬಿಟ್ಟುಹೋಗಬೇಕೆಂದಿದ್ದ. ಹೆಂಡತಿ ಸತ್ತಿದ್ದಳು, ಸ್ವಂತ ಮಕ್ಕಳಿರಲಿಲ್ಲ. ಅಣ್ಣನ ಮಗ ಮಾರಣ್ಣ ಆ ಹೊಲಕ್ಕೇ ಹೊಂಚುಹಾಕಿ ಕೂತಿದ್ದ. ಮಧುಗಿರಿಯ ಹಳೇ ವಕೀಲರೆಲ್ಲ ಮಾರಣ್ಣನ ಹೆಸರು ಕೇಳುತ್ತಲೇ ಕೈಮುಗಿದು ಇವರನ್ನು ಸಾಗಹಾಕಿದ್ದರು.

“ಸಾಕಿದ್ದೀನಲ್ಲ ಸಾಮಿ, ಅಂಗೇ ಬರಾಕಿಲ್ವಾ ಅವ್ಳಿಗೆ?”

“ಬರೋದಿಲ್ಲ. ದತ್ತು ಆಗಿಲ್ಲವಲ್ಲ. ನೀವು ಸುಮ್ಮನೆ ಕಣ್ಣು ಮುಚ್ಚಿದರೆ ಹೊಲ ನೆಟ್ಟಗೆ ಮಾರಣ್ಣನಿಗೆ. ಉಯಿಲು ಬರೆದರೆ ಅವಳಿಗೆ. ನೀವೇ ಸಂಪಾದಿಸಿದ್ದು, ಯಾರಿಗೆ ಬೇಕಾದರೂ ಬರೀಬಹುದು.”

“ಛಾಪಾ ಕಾಗ್ದ ತರ್ಬೇಕಾ?” ಮುದುಕನ ಪಕ್ಕದಲ್ಲಿ ಕೂತಿದ್ದ ಹೊನ್ನಕ್ಕ ಕೇಳಿದಳು.

“ಬೇಡ, ಬಿಳಿ ಹಾಳೆ ಸಾಕು. ಆದರೆ ಸಾಕ್ಷಿ ಇಬ್ಬರು ಬೇಕೇಬೇಕು. ನಾಳೆ ತಕರಾರು ಬಂದರೆ ಅವರಲ್ಲಿ ಒಬ್ಬನಾದರೂ ಕೋರ್ಟಿನಲ್ಲಿ ನಿಂತು ಹೇಳಬೇಕು. ಇಲ್ಲದಿದ್ದರೆ ಇದು ಬರೀ ಕಾಗದ.”

ಮುದುಕ ಹೆಬ್ಬೆಟ್ಟು ಒತ್ತಿದ. ಜೊತೆಗೆ ಬಂದಿದ್ದ ಗೆಳೆಯ ಚಿಕ್ಕಹನುಮಯ್ಯ ಬಾಗಿಲ ಕಡೆ ನೋಡುತ್ತಲೇ ಸಹಿ ಗೀಚಿದ. ಇನ್ನೊಬ್ಬ ಸಾಕ್ಷಿ ಸಿಗಲಿಲ್ಲ. ನಂದೀಶ್ವರಯ್ಯ ಪೆನ್ನು ತೆರೆದು ತನ್ನ ಹೆಸರನ್ನೇ ದಪ್ಪಗೆ ಬರೆದ.

ಮಾರನೆಯ ಬೆಳಿಗ್ಗೆ ಆಫೀಸಿನ ಚಿಲಕಕ್ಕೆ ಕಪ್ಪು ದಾರದಲ್ಲಿ ಒಂದು ಹಿತ್ತಾಳೆ ಬೀಗ ನೇತಾಡುತ್ತಿತ್ತು. ಮುಚ್ಚಿದ ಬೀಗ, ಕೀಲಿಯಿಲ್ಲ. ಮೈಗೆಲ್ಲ ಕುಂಕುಮ, ಹರಳೆಣ್ಣೆ, ಸುಟ್ಟ ಕೂದಲಿನ ನಾತ. ಕಸ ಗುಡಿಸುವ ಲಕ್ಕಮ್ಮ ಪೊರಕೆ ಬಿಸಾಕಿ ಹಿಂದೆ ಸರಿದಳು.

“ಮುಟ್ಟಬ್ಯಾಡಿ ಬುದ್ಧೀ!”

“ಮಾರಣ್ಣ ಎಂಥ ಒಳ್ಳೇ ಮನುಷ್ಯ ನೋಡು! ಕಾಗದ ಹಾರದ ಹಾಗೆ ಇಡೋದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ,” ಎಂದು ನಂದೀಶ್ವರಯ್ಯ ಅದನ್ನು ಕಿತ್ತು ಮೇಜಿನ ಮೇಲಿಟ್ಟುಕೊಂಡ.

ಮಳೆಗಾಲ ಮುಗಿಯುವಷ್ಟರಲ್ಲಿ ಮೂಡಲಗಿರಿಯಪ್ಪ ತೀರಿಕೊಂಡ. ಮಾರಣ್ಣ ಹೊಲಕ್ಕೆ ನುಗ್ಗಿದ, ಹೊನ್ನಕ್ಕ ದಾವೆ ಹೂಡಿದಳು. ತಾನೇ ಸಾಕ್ಷಿಯಾದ್ದರಿಂದ ನಂದೀಶ್ವರಯ್ಯ ವಕಾಲತ್ತನ್ನು ಬೇರೆಯವರಿಗೆ ಒಪ್ಪಿಸಿದ. ವಿಚಾರಣೆ ಹತ್ತಿರವಾದಾಗ ಚಿಕ್ಕಹನುಮಯ್ಯ ಬದುವಿನ ಮೇಲೆ ಸತ್ತುಬಿದ್ದಿದ್ದ. ಹಲ್ಲು ಕಚ್ಚಿದ್ದು ಕಚ್ಚಿದಂತೆಯೇ ಇತ್ತು. ಬಾಯಿಗೆ ನೀರು ಬಿಡಲು ಮಕ್ಕಳು ಎಷ್ಟು ಹೆಣಗಿದರೂ ದವಡೆ ಬಿಡಲಿಲ್ಲ.

ಇನ್ನು ಉಳಿದವನು ನಂದೀಶ್ವರಯ್ಯನೊಬ್ಬನೇ.

ಆವತ್ತಿನಿಂದ ಅವನ ಗಂಟಲಲ್ಲಿ ಸದ್ದು ಶುರುವಾಯಿತು. ಎಂಜಲು ನುಂಗಿದರೆ ಒಳಗೆಲ್ಲೋ ಟಕ್. ಕಾಫಿ ಕುಡಿದರೆ ಸುಟ್ಟ ಕೂದಲಿನ ವಾಸನೆ. ನಡುಮಧ್ಯಾಹ್ನ ಬೋಳುಬಂಡೆಯ ಬೆಟ್ಟ ಕಾದು ಊರೆಲ್ಲ ಉರಿಯುತ್ತಿದ್ದರೆ ಅವನ ಆಫೀಸಿನೊಳಗೆ ಮಾತ್ರ ಹಾಳುಬಾವಿಯ ತಣ್ಣನೆ ಕತ್ತಲು. ಮೇಜಿನ ಮೇಲಿನ ಬೀಗ ಒದ್ದೆಯಾಗಿರುತ್ತಿತ್ತು. ಒಂದು ದಿನ ಮುಟ್ಟಿ ನೋಡಿದ. ನಾಲಗೆಯ ಹಾಗೆ ಬೆಚ್ಚಗಿತ್ತು. ಮೊದಲ ಸಲ ಅವನಿಗೆ ಹೆದರಿಕೆಯಾಯಿತು. ಅದರ ಬೆನ್ನಿಗೇ ಕೆಟ್ಟ ಸಿಟ್ಟೂ ಬಂತು.

“ಬುಟ್ಬುಡಿ ಸಾಮಿ,” ಎಂದಳು ಹೊನ್ನಕ್ಕ. “ಹೊಲ ಓದ್ರೆ ಓಗ್ಲಿ. ಕೂಲಿ ಮಾಡ್ಕಂಡು ತಿಂತೀನಿ. ನಿಮ್ಮ ಜೀವ ದೊಡ್ದು.”

“ಬಂದೇ ಬರ್ತೀನಿ,” ಎಂದ. ಟಕ್.

ಕೋರ್ಟು ಕಿಕ್ಕಿರಿದಿತ್ತು. ಎದುರಿನ ಬೆಂಚಿನಲ್ಲಿ ಮಾರಣ್ಣ ಟವೆಲಿನೊಳಗೆ ಏನನ್ನೋ ಹಿಚುಕುತ್ತ ಕೂತಿದ್ದ. ತುಟಿ ಅಲ್ಲಾಡುತ್ತಿತ್ತು. ನಂದೀಶ್ವರಯ್ಯ ಸಾಕ್ಷಿಕಟ್ಟೆ ಹತ್ತಿದ. ಪ್ರಮಾಣಕ್ಕೆ ಬಾಯಿ ತೆರೆದ.

“ಸತ್ಯವನ್ನೇ...”

ಟಕ್.

ದವಡೆಗೆ ಬೀಗ ಬಿತ್ತು. ಹಲ್ಲಿಗೆ ಹಲ್ಲು. ಉಸಿರು ಕಟ್ಟಿತು. ಬಾಯಿತುಂಬ ಹಿತ್ತಾಳೆಯ ಕಹಿ. ನಾಲಗೆಯ ಮೇಲೆ ಏನೋ ತಣ್ಣಗೆ ಹೊರಳಿತು. ಫ್ಯಾನಿನ ಸದ್ದು ದೂರವಾಯಿತು. ಕಣ್ಣಿಗೆ ಕತ್ತಲೆ. ತುಟಿಯಂಚಿನಿಂದ ರಕ್ತ.

“ಸಾಕ್ಷಿ ಹೇಳ್ತೀರೋ ಇಲ್ಲವೋ?” ಮುನ್ಸೀಫರು ಕೇಳಿದರು.

ಮಾರಣ್ಣ ನಕ್ಕ. ಆ ನಗು ನಂದೀಶ್ವರಯ್ಯನ ಕಣ್ಣಿಗೆ ಬಿತ್ತು. ಬಿದ್ದದ್ದೇ ತಡ, ಬಲಗೈ ಎತ್ತಿ ಗಾಳಿಯಲ್ಲಿ ಬರೆಯುವಂತೆ ಆಡಿಸಿದ. ಕಾಗದ ಕೊಡಿ!

ಮಾತು ಬಾರದ ಸಾಕ್ಷಿ ಕೋರ್ಟಿನ ಎದುರೇ ಬರೆದು ಹೇಳಬಹುದೆಂದು ಕಾನೂನೇ ಇದೆ. ಆಣೆ, ಪಂಚಾಯಿತಿ ಎಲ್ಲವೂ ಬಾಯಲ್ಲೇ ನಡೆಯುವುದನ್ನು ಕಂಡಿದ್ದ ಮಾರಣ್ಣನ ಮಂತ್ರವಾದಿಗೆ ಅದು ಹೊಳೆದಿರಲಿಲ್ಲ. ಬಾಯಿ ಮುಚ್ಚಿಸಿದರೆ ಮುಗಿಯಿತು ಅಂದುಕೊಂಡಿದ್ದ, ಪಾಪ!

ಹಾಳೆ ಬಂತು. ಬರೆದ. ರಕ್ತ ತೊಟ್ಟಿಕ್ಕಿತು. ಒರೆಸಿದ. ಮತ್ತೆ ಬರೆದ. ‘ಮೂಡಲಗಿರಿಯಪ್ಪ ನಮ್ಮಿಬ್ಬರ ಕಣ್ಣೆದುರು ಹೆಬ್ಬೆಟ್ಟು ಒತ್ತಿದ. ಅವನ ಕಣ್ಣೆದುರು ನಾವಿಬ್ಬರೂ ಸಹಿ ಹಾಕಿದೆವು. ಅವನ ಬುದ್ಧಿ ನೆಟ್ಟಗಿತ್ತು.’ ಮಾರಣ್ಣನ ವಕೀಲ ಕೇಳಿದ್ದಕ್ಕೆಲ್ಲ ಬರೆದೇ ಉತ್ತರ ಕೊಟ್ಟ. ಮಾರಣ್ಣನ ತುಟಿ ಅಲ್ಲಾಡುವುದು ನಿಂತುಹೋಯಿತು.

ಹೊಲ ಹೊನ್ನಕ್ಕನಿಗೆ ಉಳಿಯಿತು. ನಂದೀಶ್ವರಯ್ಯನ ದವಡೆ ಅಂದು ಸಂಜೆಗೆ ಸಡಿಲಿತು, ದನಿ ಮಾತ್ರ ಮರಳಲೇ ಇಲ್ಲ. ಡಾಕ್ಟರುಗಳು ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿ ಏನೂ ಇಲ್ಲ ಎಂದರು. ಮಾತಿಲ್ಲದ ವಕೀಲನಿಗೆ ಯಾರು ಕೇಸು ಕೊಡುತ್ತಾರೆ? ಬೋರ್ಡು ಇಳಿಸುತ್ತಾನೆಂದು ಊರು ಕಾಯಿತು. ಇಳಿಸಿದ, ನಿಜ. ಕೆಳಗೊಂದು ಸಾಲು ಬರೆಸಿ ಮತ್ತೆ ಏರಿಸಿದ: ‘ಉಯಿಲು ಬರೆದುಕೊಡಲಾಗುವುದು. ಸಾಕ್ಷಿ ಸಿಗದವರಿಗೆ ಸಾಕ್ಷಿಯೂ ಹಾಕಲಾಗುವುದು.’

ಮೊದಲು ಬಂದವಳು ಕಸ ಗುಡಿಸುವ ಲಕ್ಕಮ್ಮನೇ. ತನ್ನ ಮನೆಯನ್ನು ವಿಧವೆ ಸೊಸೆಗೆ ಬರೆಯಬೇಕು. ಸಾಕ್ಷಿ ಹಾಕಿದವರ ಬಾಯಿ ಕಟ್ಟಿಸುತ್ತೇನೆಂದು ಮೈದುನ ಹೆದರಿಸಿದ್ದಾನೆ. ನಂದೀಶ್ವರಯ್ಯ ಉಯಿಲು ಬರೆದು ಅವಳ ಹೆಬ್ಬೆಟ್ಟು ಒತ್ತಿಸಿದ, ತನ್ನ ಸಹಿ ಹಾಕಿದ. ಇನ್ನೊಬ್ಬರು ಎಲ್ಲಿ ಎಂದು ಕೈಸನ್ನೆಯಲ್ಲೇ ಕೇಳಿದ. ಹೊಸ ಕಡಲೆಕಾಯಿ ಕೊಡಲು ಬಂದಿದ್ದ ಹೊನ್ನಕ್ಕ ಚೀಲವನ್ನು ಬಾಗಿಲಲ್ಲೇ ಇಳಿಸಿದಳು.

“ನಾನಾಕ್ತೀನಿ.”

“ಅಯ್ಯೋ ಬ್ಯಾಡ ಕಣಮ್ಮ! ಮಾತು ಓಯ್ತದೆ!”

“ಓದ್ರೆ ಓಗ್ಲಿ. ಕೈ ಐತಲ್ಲ.”

ಹೊನ್ನಕ್ಕ ಬೀಗವನ್ನು ಪಕ್ಕಕ್ಕೆ ತಳ್ಳಿ ಪೆನ್ನು ಹಿಡಿದಳು. ನಂದೀಶ್ವರಯ್ಯ ತಲೆ ಹಿಂದಕ್ಕೆ ಹಾಕಿ ನಕ್ಕ. ದನಿ ಬರಲಿಲ್ಲ. ಟಕ್, ಟಕ್, ಟಕ್.

ಸಹಿ ಮುಗಿಸಿ ಹೊನ್ನಕ್ಕ ಎಂಜಲು ನುಂಗಿದಳು. ಅವಳ ಗಂಟಲಲ್ಲೂ ಟಕ್ ಎಂದಿತು. ಅವಳು ತನ್ನ ಹೆಸರಿನ ಕೆಳಗೆ ದಪ್ಪಗೆ ಒಂದು ಗೆರೆ ಎಳೆದಳು.